ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಹೋಮ್ ಥಿಯೇಟರ್ ಪಿಸಿ: ಎಚ್‌ಡಿಎಂಐಯಿಂದ ಹಳದಿ ಪಿನ್‌ವರೆಗೆ

ಚೌಕಪರದೆ

ಪಿಸಿಯಲ್ಲಿ ಇರುವುದು ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್, ಅಷ್ಟೇ. ಟಿವಿ 4:3 ಪಿಕ್ಚರ್ ಟ್ಯೂಬಿನದು. ಅದರ ಹಿಂದೆ ಹಳದಿ-ಬಿಳಿ-ಕೆಂಪು ಎವಿ ಸಾಕೆಟ್, ಒಂದು ಎಸ್-ವಿಡಿಯೊ (ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವ ಸಾಕೆಟ್), ಒಂದು ಸ್ಕಾರ್ಟ್ (ಹಲವು ಪಿನ್ನಿನ ಅಗಲದ ಸಾಕೆಟ್) ಇವೆ. ಪಿಸಿಯಲ್ಲಿ ಕೋಡಿ (ಸಿನಿಮಾ ಓಡಿಸುವ ಸಾಫ್ಟ್‌ವೇರ್) ಹಾಕಿದೆ. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಮೂರು ಆರ್‌ಸಿಎ ಪಿನ್ ಇರುವ ಕೇಬಲ್ ಹಾಕಿದರೆ ಟಿವಿಯಲ್ಲಿ ಏನೂ ಬರುತ್ತಿಲ್ಲ. ಕೇಬಲ್ ಕೆಟ್ಟಿದೆಯೋ, ಪಿಸಿಯಲ್ಲಿ ಏನಾದರೂ ಬದಲಿಸಬೇಕೋ? ಸಿನಿಮಾ, ಡಿವಿಡಿ ಕಾಪಿಗಳು ಚೆನ್ನಾಗಿ ಕಾಣಬೇಕು, ಸಬ್‌ಟೈಟಲ್ ಓದುವ ಹಾಗಿರಬೇಕು.

ಹಳದಿಪಿನ್

ಕೇಬಲ್ ಕೆಟ್ಟಿಲ್ಲ. ಅದು ಯಾವ ಟಿವಿಗೆ ಹಾಕಿದರೂ ನಡೆಯುವಂಥದ್ದಲ್ಲ. ಎಚ್‌ಡಿಎಂಐ ತಂತಿಯಲ್ಲಿ ಹರಿಯುವುದು ಬಿಟ್‌ಗಳು. ಹಳದಿ ಸಾಕೆಟ್ಟಿಗೆ ಬೇಕಿರುವುದು 75 ಓಮ್ ಭಾರಕ್ಕೆ 1 ವೋಲ್ಟ್ ಎತ್ತರದ ಅನಲಾಗ್ ಸಿಗ್ನಲ್. ಅದೊಂದರಲ್ಲೇ ಸಿಂಕ್ (ಗೆರೆ, ಚಿತ್ರ ಎಲ್ಲಿ ಶುರುವಾಗಬೇಕು ಎಂಬ ಸೂಚನೆ), ಬೆಳಕು, ಬಣ್ಣ ಮೂರೂ ಸೇರಿರಬೇಕು. ನಡುವೆ ಒಂದು ಚಿಪ್ ಕೂತು ಕೆಲಸ ಮಾಡದೆ ಇದು ಆಗುವುದಿಲ್ಲ. ಕೇಬಲ್ ನಡುವೆ ಪೆಟ್ಟಿಗೆಯೂ ಇಲ್ಲ, 5 ವೋಲ್ಟ್ ಕೊಡುವ ಯುಎಸ್‌ಬಿ ಬಾಲವೂ ಇಲ್ಲ ಎಂದರೆ ಒಳಗೆ ಪರಿವರ್ತಕ ಇಲ್ಲ ಎಂದೇ ತಿಳಿಯಿರಿ. ವಿಜಿಎಯಿಂದ (ಹಳೆಯ ಅನಲಾಗ್ ಮಾನಿಟರ್ ಸಾಕೆಟ್) ಎಸ್-ವಿಡಿಯೊ, ವಿಜಿಎಯಿಂದ ಮೂರು ಆರ್‌ಸಿಎ ಎಂದು ಸಿಗುವ ಬರೀ ತಂತಿಯ ಕೇಬಲ್‌ಗಳದ್ದೂ ಇದೇ ಕಥೆ. ಗ್ರಾಫಿಕ್ಸ್ ಕಾರ್ಡಿನೊಳಗೇ ಟಿವಿ ಎನ್‌ಕೋಡರ್ ಇದ್ದ ಕಾಲಕ್ಕೆ ಮಾತ್ರ ಅವು ಉಪಯೋಗ.

ನಿಮಗೆ ಬೇಕಿರುವುದು ಎಚ್‌ಡಿಎಂಐ ಒಳಗೆ, ಎವಿ ಹೊರಗೆ ಎನ್ನುವ ಪರಿವರ್ತಕ ಪೆಟ್ಟಿಗೆ. ನೋಡಲು ಅದೇ ಥರ ಇರುವ, ಎವಿ ಒಳಗೆ ಎಚ್‌ಡಿಎಂಐ ಹೊರಗೆ ಎನ್ನುವ ಉಲ್ಟಾ ಪೆಟ್ಟಿಗೆಯೂ ಇದೆ. ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಎರಡು ಸಲ ಓದಿ ತೆಗೆದುಕೊಳ್ಳಿ. ಎಸ್-ವಿಡಿಯೊ ಹೊರಗೂ ಇರುವ ಪೆಟ್ಟಿಗೆ ಸಿಕ್ಕರೆ ಅದನ್ನೇ ಆರಿಸಿ.

ಜೋಡಿಸುವ ಕ್ರಮ ಹೀಗಿರಲಿ. ಮೊದಲು ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ, ಪಾಲ್/ಎನ್‌ಟಿಎಸ್‌ಸಿ (ಅನಲಾಗ್ ಟಿವಿಯ ಎರಡು ಬಣ್ಣದ ಪದ್ಧತಿಗಳು) ಸ್ವಿಚ್ಚನ್ನು ಟಿವಿಗೆ ಹೊಂದುವ ಕಡೆಗೆ ತಳ್ಳಿ. ಆಮೇಲೆ ಪೆಟ್ಟಿಗೆಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರಿನಿಂದ ವಿದ್ಯುತ್ ಕೊಡಿ. ಎಚ್‌ಡಿಎಂಐ ಹಾಕಿ ಪಿಸಿ ಆನ್ ಮಾಡುವುದು ಕಡೆಗೆ. ಪ್ರತ್ಯೇಕ ಅಡಾಪ್ಟರ್ ಏಕೆಂದರೆ, ಎಚ್‌ಡಿಎಂಐ ಸಾಕೆಟ್ಟಿನ 5 ವೋಲ್ಟ್ ಪಿನ್ ಖಾತರಿಯಾಗಿ ಕೊಡುವುದು 55 ಮಿಲಿಆಂಪಿಯರ್ ಮಾತ್ರ. ಪೆಟ್ಟಿಗೆಗೆ ಅದು ಸಾಲದು. ಅದನ್ನೇ ನಂಬಿದರೆ ಚಿತ್ರ ಐದು ನಿಮಿಷ ಬಂದು ಹೋಗುತ್ತದೆ, ಬಣ್ಣ ಮಿಣುಕುತ್ತದೆ. ಪಿಸಿಯ ಯುಎಸ್‌ಬಿಯಿಂದ ಕೊಟ್ಟರೆ ಇನ್ನೊಂದು ತೊಂದರೆ: ಪಿಸಿ ನಿದ್ದೆಗೆ ಹೋದಾಗ ಕೆಲವು ಬೋರ್ಡ್‌ಗಳಲ್ಲಿ ಯುಎಸ್‌ಬಿಯೂ ಆರುತ್ತದೆ. ಎದ್ದಾಗ ಪೆಟ್ಟಿಗೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಪಿಸಿಗೆ ಎದುರಿಗೆ ಪರದೆ ಇದೆ ಎಂದೇ ಗೊತ್ತಾಗುವುದಿಲ್ಲ, ಕಪ್ಪು ಪರದೆ ಉಳಿಯುತ್ತದೆ.

ಮರಗೂಡು

ಚಿತ್ರ ಬಂದರೂ ಕಪ್ಪು-ಬಿಳುಪಾಗಿ ಬಂದರೆ?

ಹಳದಿಪಿನ್

ಮೂರು ಕಾರಣ ಇರಬಹುದು. ಒಂದು, ಪೆಟ್ಟಿಗೆ ಎನ್‌ಟಿಎಸ್‌ಸಿಯಲ್ಲಿದೆ, ಟಿವಿಗೆ ಪಾಲ್ ಮಾತ್ರ ಗೊತ್ತು; ಪಾಲ್‌ನ ಬಣ್ಣದ ತರಂಗ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಯದು 3.58. ಟಿವಿ ಹುಡುಕುವ ಕಡೆ ಬಣ್ಣ ಸಿಗದಿದ್ದರೆ ಅದನ್ನು ಬಿಟ್ಟು ಬೆಳಕನ್ನು ಮಾತ್ರ ತೋರಿಸುತ್ತದೆ. ಜೊತೆಗೆ ಚಿತ್ರ ಮೇಲಕ್ಕೆ ಉರುಳುತ್ತಿದ್ದರೆ ಇದೇ ಕಾರಣ ಎನ್ನುವುದು ಖಚಿತ. ಎರಡು, ಎಸ್-ವಿಡಿಯೊದ ಬೆಳಕಿನ ತಂತಿಯನ್ನು ಮಾತ್ರ ಹಳದಿ ಸಾಕೆಟ್ಟಿಗೆ ಎಳೆದಿದ್ದೀರಿ. ಬಣ್ಣದ ತಂತಿಯನ್ನು 470 ಪಿಕೊಫ್ಯಾರಡ್ ಕೆಪಾಸಿಟರ್ ಮೂಲಕ ಬೆಳಕಿನ ತಂತಿಗೆ ಸೇರಿಸಿದರೆ ಬಣ್ಣ ಬರುತ್ತದೆ. ಮೂರು, ಸ್ಕಾರ್ಟ್ ಮೂಲಕ ಎಸ್-ವಿಡಿಯೊ ಕೊಟ್ಟಿದ್ದೀರಿ, ಟಿವಿ ಆ ಸಾಕೆಟ್ಟನ್ನು ಕಾಂಪೊಸಿಟ್ (ಹಳದಿ ಪಿನ್ನಿನ ಹಾಗೆ ಎಲ್ಲ ಒಂದೇ ತಂತಿಯಲ್ಲಿ ಬರುವುದು) ಎಂದು ತಿಳಿದಿದೆ. ರಿಮೋಟಿನಲ್ಲಿ ಇನ್‌ಪುಟ್ಟನ್ನು ಎಸ್-ವಿಡಿಯೊಗೆ ಬದಲಿಸಿ. ಎರಡು ಸ್ಕಾರ್ಟ್ ಇರುವ ಟಿವಿಯಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಆ ಸೌಲಭ್ಯ ಇರುತ್ತದೆ.

ಗೆರೆ625

ಪೆಟ್ಟಿಗೆ ಚೆನ್ನಾಗಿಲ್ಲ ಎಂದು ಬಹಳ ಜನ ಅದನ್ನೇ ದೂರುತ್ತಾರೆ. ಹೆಚ್ಚು ಸಲ ತಪ್ಪಿರುವುದು ಅದಕ್ಕೆ ನಾವು ಏನು ಕಳಿಸುತ್ತಿದ್ದೇವೆ ಎನ್ನುವುದರಲ್ಲಿ. ಪಿಸಿ ತಾನಾಗಿ ಆರಿಸುವುದು 1080ಪಿ, 60 ಹರ್ಟ್ಸ್. ಹೊರಗೆ ಹೋಗಬೇಕಿರುವುದು 576 ಗೆರೆ, 50 ಹರ್ಟ್ಸ್. ಪೆಟ್ಟಿಗೆ 1080 ಗೆರೆಗಳನ್ನು 576ಕ್ಕೆ ಅಗ್ಗದ ಸ್ಕೇಲರಿನಲ್ಲಿ ಹಿಂಡುತ್ತದೆ, ಸೆಕೆಂಡಿಗೆ ಬಂದ 60 ಚಿತ್ರಗಳಲ್ಲಿ 10ನ್ನು ಎಸೆಯುತ್ತದೆ. ಕ್ಯಾಮೆರಾ ನಿಧಾನವಾಗಿ ಬದಿಗೆ ಸರಿಯುವ ದೃಶ್ಯ ಬಂದಾಗ ಗೋಡೆಯ ಅಂಚು ಜರ್ಕ್ ಹೊಡೆಯುವುದು ಅದಕ್ಕೇ.

ನೆನಪಿಡಬೇಕಿರುವುದು ಇಷ್ಟು: ಚಿತ್ರದ ಅಳತೆ ಒಂದೇ ಸಲ ಬದಲಾಗಬೇಕು, ಅದೂ ಪಿಸಿಯಲ್ಲೇ, ವೇಗ ಎಲ್ಲೂ ಬದಲಾಗಬಾರದು. ಪಿಸಿಯಲ್ಲಿ 720×576, 50 ಹರ್ಟ್ಸ್, ಪ್ರೊಗ್ರೆಸಿವ್ (ಎಲ್ಲ ಗೆರೆಗಳೂ ಒಂದೇ ಸಲ) ಆರಿಸಿ. ಪೆಟ್ಟಿಗೆಯ ಸ್ವಿಚ್ ಪಾಲ್. ಆಗ ಪೆಟ್ಟಿಗೆಗೆ ಉಳಿಯುವ ಕೆಲಸ ಬೆಸ ಗೆರೆ ಒಂದು ಸಲ, ಸರಿ ಗೆರೆ ಒಂದು ಸಲ ಕಳಿಸುವುದು ಮಾತ್ರ. ಪೆಟ್ಟಿಗೆ 576ಪಿ ಒಪ್ಪದಿದ್ದರೆ 720ಪಿ 50 ಕೊಡಿ. 60 ಹರ್ಟ್ಸ್ ಬೇಡ. ಎನ್‌ಟಿಎಸ್‌ಸಿ ಟಿವಿಯಾದರೆ ಲೆಕ್ಕ ತಿರುಗಿಸಿ: 720×480, 59.94 ಹರ್ಟ್ಸ್, ಸ್ವಿಚ್ ಎನ್‌ಟಿಎಸ್‌ಸಿ.

ಟಿವಿ ಎರಡನ್ನೂ ಒಪ್ಪುವಂಥದ್ದಾದರೆ ನೋಡುವ ವಿಡಿಯೊ ಯಾವುದೋ ಅದಕ್ಕೆ ತಕ್ಕಂತೆ ಸ್ವಿಚ್ ಇಡಬಹುದು. 25 ಅಥವಾ 50 ಫ್ರೇಮಿನ ವಿಡಿಯೊಗೆ ಪಾಲ್, 30 ಅಥವಾ 60ರದಕ್ಕೆ ಎನ್‌ಟಿಎಸ್‌ಸಿ.

24 ಫ್ರೇಮಿನ ಸಿನಿಮಾ 50 ಹರ್ಟ್ಸ್‌ನಲ್ಲಿ ಸುಮ್ಮನೆ ಓಡಿಸಿದರೆ ಪ್ರತಿ ಫ್ರೇಮೂ ಎರಡು ಸಲ ಕಾಣುತ್ತದೆ. 48 ಆಯಿತು, ಉಳಿದ 2 ತುಂಬಲು ಸೆಕೆಂಡಿಗೆ ಎರಡು ಫ್ರೇಮ್ ಮೂರು ಸಲ ನಿಲ್ಲುತ್ತವೆ. ಆ ಎರಡು ಎಡವು ಕಣ್ಣಿಗೆ ಬೀಳುತ್ತವೆ. ಕೋಡಿಯಲ್ಲಿ ಪ್ಲೇಬ್ಯಾಕನ್ನು ಡಿಸ್‌ಪ್ಲೇಗೆ ಸಿಂಕ್ ಮಾಡುವ ಆಯ್ಕೆ ಹಾಕಿ. ಸಿನಿಮಾ 25 ಫ್ರೇಮಿಗೆ ಏರುತ್ತದೆ, ಅಂದರೆ ಶೇ 4.17ರಷ್ಟು ವೇಗ. 120 ನಿಮಿಷದ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ. ಪಾಲ್ ಟಿವಿಗಳಲ್ಲಿ ಸಿನಿಮಾ ಪ್ರಸಾರವಾಗುತ್ತಿದ್ದುದೂ ಹೀಗೆಯೇ.

ಚೌಕಪರದೆ

ಪರಿವರ್ತಕ ಹಾಕಿ 720ಪಿ 50 ಇಟ್ಟೆ, ಬಣ್ಣದ ಚಿತ್ರ ಬಂತು. 576ಪಿ ಪಟ್ಟಿಯಲ್ಲೇ ಇಲ್ಲ. ಈಗ ಎರಡು ತೊಂದರೆ. ಮುಖಗಳೆಲ್ಲ ಉದ್ದುದ್ದ ಕಾಣುತ್ತವೆ. ಕೋಡಿಯ ಮೆನು ನಾಲ್ಕೂ ಬದಿಯಲ್ಲಿ ಕತ್ತರಿಸಿ ಹೋಗಿದೆ, ಮೂಲೆಯ ಗಡಿಯಾರ ಅರ್ಧ ಮಾತ್ರ ಕಾಣುತ್ತದೆ. ಇನ್ನೂ ಒಂದು: ಕೆಲವು ಸಿನಿಮಾಗಳಿಗೆ ಶಬ್ದ ಬರುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ.

ಸಿಂಕ್‌ಸರಿ

ಶಬ್ದದ್ದು ಮೊದಲು, ಅದು ಸುಲಭ. ಪೆಟ್ಟಿಗೆಯೊಳಗಿನ ಆಡಿಯೊ ಚಿಪ್ಪಿಗೆ ಎರಡು ಚಾನೆಲ್ಲಿನ ಪಿಸಿಎಂ (ಬಿಚ್ಚಿದ ಡಿಜಿಟಲ್ ಶಬ್ದ) ಮಾತ್ರ ಗೊತ್ತು. ಡಾಲ್ಬಿ, ಡಿಟಿಎಸ್ ಇರುವ ಫೈಲನ್ನು ಪಿಸಿ ಹಾಗೆಯೇ ಸಾಗಿಸಿದರೆ ಮೌನ, ಇಲ್ಲವೇ ಗರಗರ ಸದ್ದು. ಕೋಡಿಯ ಆಡಿಯೊ ಸೆಟ್ಟಿಂಗಿನಲ್ಲಿ ಪಾಸ್‌ಥ್ರೂ ಆಫ್ ಮಾಡಿ, ಚಾನೆಲ್ ಸಂಖ್ಯೆ 2.0 ಇಡಿ. ಮೇಲೆ ಹೇಳಿದ ಸಿಂಕ್ ಆಯ್ಕೆಗೂ ಪಾಸ್‌ಥ್ರೂ ಆಫ್ ಇರಲೇಬೇಕು. ವೇಗ ಬದಲಾದ ಶಬ್ದವನ್ನು ಪಿಸಿ ಹೊಸದಾಗಿ ಲೆಕ್ಕ ಹಾಕಬೇಕಲ್ಲ.

ಆರು ಚಾನೆಲ್ ಎರಡಕ್ಕಿಳಿದಾಗ ಮಾತು ತಗ್ಗುತ್ತದೆ, ಹಿನ್ನೆಲೆ ಸಂಗೀತ ಮೇಲೇಳುತ್ತದೆ. ಮಾತಿರುವುದು ನಡುವಿನ ಚಾನೆಲ್ಲಿನಲ್ಲಿ. ಸಿನಿಮಾ ಓಡುತ್ತಿರುವಾಗ ಆಡಿಯೊ ಮೆನುವಿನಲ್ಲಿ ವಾಲ್ಯೂಮ್ ಆಂಪ್ಲಿಫಿಕೇಶನ್ 6ರಿಂದ 10 ಡೆಸಿಬೆಲ್‌ವರೆಗೆ ಏರಿಸಿ ನೋಡಿ.

ಗೆರೆ625

ಉದ್ದ ಮುಖದ ವಿಷಯ. ಪೆಟ್ಟಿಗೆ 16:9 ಚಿತ್ರವನ್ನು ಪೂರ್ತಿ 4:3 ಪರದೆಗೆ ಹರಡುತ್ತದೆ, ಅಗಲ ಕುಗ್ಗುತ್ತದೆ. ಕಪ್ಪು ಪಟ್ಟಿ ಸೇರಿಸುವ ಬುದ್ಧಿ ಅದಕ್ಕೆ ಇಲ್ಲ. ಪಿಸಿಗೇ ತಿಳಿಸಬೇಕು. ಕೋಡಿಯ ಸಿಸ್ಟಮ್ ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ ಒಳಗೆ ವಿಡಿಯೊ ಕ್ಯಾಲಿಬ್ರೇಶನ್ ಇದೆ. ಅದರಲ್ಲಿ ನಾಲ್ಕು ಹಂತ: ಮೇಲಿನ ಎಡ ಮೂಲೆ, ಕೆಳಗಿನ ಬಲ ಮೂಲೆ, ಸಬ್‌ಟೈಟಲ್ ಇರುವ ಎತ್ತರ, ಪಿಕ್ಸೆಲ್ ಅನುಪಾತ.

ಮೂಲೆಗಳನ್ನು ಬಾಣದ ಕೀಗಳಿಂದ ಒಳಗೆ ತನ್ನಿ, ಅವುಗಳ ಗುರುತು ಪರದೆಯ ಚೌಕಟ್ಟಿಗೆ ತಾಗುವಂತೆ ಕಾಣುವವರೆಗೆ. ನಿಮ್ಮ ಗಡಿಯಾರ ಕತ್ತರಿಸಿದ್ದು ಓವರ್‌ಸ್ಕ್ಯಾನಿನಿಂದ. ಪಿಕ್ಚರ್ ಟ್ಯೂಬ್ ಟಿವಿಗಳು ಪ್ರತಿ ಬದಿಯಲ್ಲೂ ಶೇ 3ರಿಂದ 5ರಷ್ಟು ಚಿತ್ರವನ್ನು ಬೇಕೆಂದೇ ಚೌಕಟ್ಟಿನ ಹಿಂದೆ ತಳ್ಳುತ್ತವೆ. ಬಿಸಿಯಾದಂತೆ, ವಯಸ್ಸಾದಂತೆ ಚಿತ್ರ ಕುಗ್ಗಿದರೂ ಅಂಚು ಕಾಣಬಾರದೆಂದು ಹಾಗೆ ಮಾಡಿದ್ದು. ಟಿವಿ ಅರ್ಧ ಗಂಟೆ ಓಡಿದ ಮೇಲೆಯೇ ಈ ಅಳತೆ ಹಿಡಿಯಿರಿ. ಆನ್ ಮಾಡಿದ ತಕ್ಷಣ ಹಿಡಿದ ಅಳತೆ ಆಮೇಲೆ ಉಳಿಯುವುದಿಲ್ಲ.

ಕಡೆಯ ಹಂತದಲ್ಲಿ ಪರದೆ ನಡುವೆ ಒಂದು ಚೌಕ ಬರುತ್ತದೆ. ಕಣ್ಣಂದಾಜು ಬೇಡ. ಒಂದು ಸ್ಕೇಲ್ ತೆಗೆದು ಗಾಜಿಗೇ ಒತ್ತಿ ಹಿಡಿದು ಅಗಲ, ಎತ್ತರ ಅಳೆಯಿರಿ. ಅಗಲ 12 ಸೆಂಟಿಮೀಟರ್, ಎತ್ತರ 16 ಬಂದರೆ ಅನುಪಾತ 0.75. ನಿಮ್ಮ 720ಪಿಗೆ ಲೆಕ್ಕದ ಪ್ರಕಾರ ಬರಬೇಕಾದದ್ದೂ ಅದೇ: 4/3ನ್ನು 16/9ರಿಂದ ಭಾಗಿಸಿದ ಹಾಗೆ. 720×576 ಕಳಿಸಿದವರಿಗೆ 1.067, 720×480 ಕಳಿಸಿದವರಿಗೆ 0.889. ಗಾಜು ಉಬ್ಬಿದ ಟ್ಯೂಬುಗಳಲ್ಲಿ ಮೂಲೆಯ ಕಡೆ ಅಳೆದರೆ ತಪ್ಪು ಬರುತ್ತದೆ, ನಡುವೆಯೇ ಅಳೆಯಿರಿ.

ಪಿಕ್ಸೆಲ್ ಅನುಪಾತ ಸಿನಿಮಾವನ್ನು ಮಾತ್ರ ಸರಿಮಾಡುತ್ತದೆ. ಮೆನು ಉದ್ದವಾಗಿಯೇ ಉಳಿಯುತ್ತದೆ. ಅದೂ ಸರಿಯಾಗಬೇಕೆಂದರೆ 720ಪಿ ಬಿಟ್ಟು 800×600 ಅಥವಾ 1024×768 ಆರಿಸಿ. ಅವು ಹುಟ್ಟಿನಿಂದಲೇ 4:3. ಪೆಟ್ಟಿಗೆ ಅವನ್ನು 50 ಹರ್ಟ್ಸ್‌ನಲ್ಲಿ ಒಪ್ಪುವುದು ಅಪರೂಪ, ಅದಕ್ಕೇ ಸಿನಿಮಾ ನೋಡುವವರಿಗೆ 720ಪಿ 50 ಮೇಲು ಎನ್ನುತ್ತೇನೆ.

ಮರಗೂಡು

ಟಿವಿಯಲ್ಲೇ 16:9 ಎಂಬ ಬಟನ್ ಇದ್ದರೆ?

ಗೆರೆ625

ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಆ ಬಟನ್ ಒತ್ತಿದಾಗ ಟಿವಿ ಎಲ್ಲ ಗೆರೆಗಳನ್ನೂ ಪರದೆಯ ನಡುವಿನ ಮುಕ್ಕಾಲು ಎತ್ತರದಲ್ಲಿ ಒತ್ತೊತ್ತಾಗಿ ಎಳೆಯುತ್ತದೆ. ಪಿಸಿಯಲ್ಲಿ ಕಪ್ಪು ಪಟ್ಟಿ ಸೇರಿಸಿದರೆ 576ರಲ್ಲಿ ಸಿನಿಮಾಗೆ ಸಿಗುವುದು 432 ಗೆರೆ. ಟಿವಿಯೇ ಒತ್ತಿದರೆ 576ಕ್ಕೆ 576ಊ ಸಿನಿಮಾದ್ದೇ. ಪಿಕ್ಸೆಲ್ ಅನುಪಾತ 1.0 ಬಿಡಿ, ಮೆನುವೂ ಸರಿಯಾಗುತ್ತದೆ. ಸೆಟ್ಟಿಂಗಿನ ಕಷ್ಟವೆಲ್ಲ ಒಂದೇ ಬಟನ್ನಿನಲ್ಲಿ ಮುಗಿಯಿತು.

ಚೌಕಪರದೆ

ಬಟನ್ ಇಲ್ಲ. 0.75 ಇಟ್ಟಾಗ ಮುಖಗಳು ಸರಿಹೋದವು, ಶಬ್ದವೂ ಬಂತು. ಅಕ್ಷರ ಮಾತ್ರ ಇನ್ನೂ ಮಸುಕು. ಸಬ್‌ಟೈಟಲ್ ಕೆಂಪು ಬಣ್ಣದಲ್ಲಿದ್ದರೆ ಓದಲಿಕ್ಕೇ ಆಗುವುದಿಲ್ಲ. ತೆಳುವಾದ ಅಡ್ಡಗೆರೆಗಳು ಮಿಣಮಿಣ ಎನ್ನುತ್ತವೆ.

ಹಳದಿಪಿನ್

ಮಿಣಮಿಣ ಎನ್ನುವುದು ಇಂಟರ್ಲೇಸಿನ (ಬೆಸ, ಸರಿ ಗೆರೆಗಳನ್ನು ಸರದಿಯಲ್ಲಿ ಎಳೆಯುವುದು) ಗುಣ. ಒಂದೇ ಗೆರೆ ದಪ್ಪದ ಅಡ್ಡಪಟ್ಟಿ ಬೆಸ ಸರದಿಯಲ್ಲೋ ಸರಿ ಸರದಿಯಲ್ಲೋ ಒಂದರಲ್ಲಿ ಮಾತ್ರ ಇರುತ್ತದೆ, ಸೆಕೆಂಡಿಗೆ 25 ಸಲ ಮಾತ್ರ ಬೆಳಗುತ್ತದೆ. ಎರಡು ಗೆರೆ ದಪ್ಪವಾದರೆ ಎರಡೂ ಸರದಿಗೆ ಸಿಗುತ್ತದೆ, ಮಿಣುಕು ನಿಲ್ಲುತ್ತದೆ. ಆದ್ದರಿಂದ ತೆಳು ಗೆರೆಗಳ, ಸಣ್ಣ ಅಕ್ಷರದ ಸ್ಕಿನ್ (ಕೋಡಿಯ ಮೆನು ವಿನ್ಯಾಸ) ಬಿಡಿ. ಟಿವಿಯ ಶಾರ್ಪ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿ. ಅದನ್ನು ಏರಿಸಿದರೆ ಅಕ್ಷರದ ಸುತ್ತ ಬಿಳಿ ನೆರಳು ಮೂಡುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ.

ಕೆಂಪಿನ ಕಾರಣ ಬೇರೆ. ಪಾಲ್‌ನಲ್ಲಿ ಬೆಳಕಿಗೆ ಸುಮಾರು 5 ಮೆಗಾಹರ್ಟ್ಸ್ ಜಾಗ, ಬಣ್ಣಕ್ಕೆ ಸುಮಾರು 1.3. ಅಂದರೆ ಬಣ್ಣದ ಅಡ್ಡ ವಿವರ ಬೆಳಕಿನ ಕಾಲು ಭಾಗದ ಆಸುಪಾಸು. ಕಪ್ಪಿನ ಮೇಲೆ ಕೆಂಪು ಅಕ್ಷರ ಬರೆದಾಗ ಅದರ ಆಕಾರ ಪೂರ್ತಿ ಬಣ್ಣದ ಮೇಲೇ ನಿಂತಿರುತ್ತದೆ, ಅದಕ್ಕೇ ಬಲಕ್ಕೆ ಹರಿದು ಹೋದಂತೆ ಕಾಣುತ್ತದೆ. ಬಿಳಿ ಅಥವಾ ತಿಳಿ ಹಳದಿ ಅಕ್ಷರದ ಆಕಾರ ಬೆಳಕಿನಲ್ಲಿರುತ್ತದೆ. ಸಬ್‌ಟೈಟಲ್ ಬಣ್ಣ ಬದಲಿಸಿ, ಕಪ್ಪು ಅಂಚು ಕೊಡಿ.

ಇನ್ನೊಂದು ಕಾರಣ ಕಾಂಪೊಸಿಟ್‌ನದೇ. ಬೆಳಕು, ಬಣ್ಣ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಟಿವಿ 4.43ರ ಆಸುಪಾಸಿನ ಬೆಳಕಿನ ವಿವರವನ್ನೂ ಸೋಸಿ ಎಸೆಯುತ್ತದೆ. ಬಣ್ಣದ ಅಂಚಿನಲ್ಲಿ ಇರುವೆ ಸಾಲು ಹರಿದಂತೆ ಚುಕ್ಕಿಗಳು ಓಡುವುದು ಸೋಸಿ ಉಳಿದದ್ದರಿಂದ. ಎಸ್-ವಿಡಿಯೊದಲ್ಲಿ ಎರಡೂ ಬೇರೆ ಬೇರೆ ತಂತಿ, ಸೋಸುವ ಅಗತ್ಯವೇ ಇಲ್ಲ. ನಿಮ್ಮ ಟಿವಿಯಲ್ಲಿ ಆ ಸಾಕೆಟ್ ಇದೆ, ಬಳಸಿಕೊಳ್ಳಿ. ಅಕ್ಷರದಲ್ಲಿ ಆಗುವ ವ್ಯತ್ಯಾಸ ಪರದೆಯಿಂದ ಎರಡು ಮೀಟರ್ ದೂರ ಕೂತರೂ ಗೊತ್ತಾಗುತ್ತದೆ.

ಒತ್ತಕ್ಷರ

ಸಬ್‌ಟೈಟಲ್ ಕನ್ನಡದಲ್ಲಿದ್ದರೆ ಇನ್ನೂ ದೊಡ್ಡದು ಬೇಕು. ಇಂಗ್ಲಿಷಿಗೆ ಸಾಕಾಗುವ ಅಳತೆಯಲ್ಲಿ ಕನ್ನಡದ ಒತ್ತುಗಳು ಎರಡು ಮೂರು ಗೆರೆಗೆ ಇಳಿದುಬಿಡುತ್ತವೆ. "ಕ್ಷ್ಮ" ಎನ್ನುವಲ್ಲಿ ಕೆಳಗಿನ ಒತ್ತು ಒಂದು ಮಸಿ ಚುಕ್ಕೆ, "ಘ" ಯಾವುದು "ಫ" ಯಾವುದು ಗೊತ್ತಾಗುವುದಿಲ್ಲ, ದೀರ್ಘದ ಕೊಂಬು ಪಕ್ಕದ ಅಕ್ಷರಕ್ಕೆ ಅಂಟುತ್ತದೆ. ಇಂಗ್ಲಿಷಿಗೆ ಇಟ್ಟದ್ದರ ಒಂದೂವರೆ ಪಟ್ಟು ಇಟ್ಟು ನೋಡಿ, ಫಾಂಟ್ ದಪ್ಪದ್ದಿರಲಿ. ನೋಟೊ ಸಾನ್ಸ್ ಕನ್ನಡದ ಬೋಲ್ಡ್ ಚೆನ್ನಾಗಿ ನಿಲ್ಲುತ್ತದೆ. ಅದನ್ನು ಕೋಡಿಯ ಮೀಡಿಯಾ ಫೋಲ್ಡರಿನಲ್ಲಿರುವ ಫಾಂಟ್ಸ್ ಒಳಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಆರಿಸಿ. ಅಕ್ಷರದ ಬದಲು ಬರೀ ಡಬ್ಬಿಗಳು ಕಂಡರೆ ಆರಿಸಿದ ಫಾಂಟಿನಲ್ಲಿ ಕನ್ನಡ ಇಲ್ಲ ಎಂದರ್ಥ. ಫೈಲ್ ಯುಟಿಎಫ್-8ರಲ್ಲಿ ಉಳಿಸಿರಬೇಕು.

ಎರಡು ಸಾಲು ಮೀರುವ ಸಬ್‌ಟೈಟಲ್ ಇದ್ದರೆ ಇಷ್ಟು ದೊಡ್ಡ ಅಕ್ಷರದಲ್ಲಿ ಚಿತ್ರವನ್ನೇ ಮುಚ್ಚುತ್ತದೆ. 16:9 ಸಿನಿಮಾ 4:3 ಪರದೆಯಲ್ಲಿ ನೋಡುವಾಗ ಕೆಳಗೆ ಕಪ್ಪು ಪಟ್ಟಿ ಇರುತ್ತದಲ್ಲ, ಕ್ಯಾಲಿಬ್ರೇಶನ್ನಿನ ಮೂರನೆಯ ಹಂತದಲ್ಲಿ ಸಬ್‌ಟೈಟಲ್ಲನ್ನು ಅಲ್ಲಿಗೆ ಇಳಿಸಿ. ಓವರ್‌ಸ್ಕ್ಯಾನ್ ನುಂಗದಷ್ಟು ಮೇಲಿರಲಿ.

ಸಿಂಕ್‌ಸರಿ

ಎಸ್-ವಿಡಿಯೊವರೆಗೆ ಬಂದವರು ಸ್ಕಾರ್ಟ್ ಇದ್ದಾಗ ಆರ್‌ಜಿಬಿಯವರೆಗೂ (ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ) ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಬಣ್ಣವನ್ನು ತರಂಗಕ್ಕೆ ಏರಿಸಿ ಇಳಿಸುವ ಕೆಲಸವೇ ಇಲ್ಲ. ಕೆಂಪು ಅಕ್ಷರವೂ ಚೂಪಾಗಿ ನಿಲ್ಲುತ್ತದೆ. ಎಚ್‌ಡಿಎಂಐಯಿಂದ ಸ್ಕಾರ್ಟ್ ಎಂದು ಬರೆದ ಪೆಟ್ಟಿಗೆಗಳಲ್ಲಿ ಬಹಳಷ್ಟು ಸ್ಕಾರ್ಟ್ ಆಕಾರದಲ್ಲಿ ಕಾಂಪೊಸಿಟ್ಟನ್ನೇ ಕೊಡುತ್ತವೆ, ಅವುಗಳಿಂದ ಏನೂ ಲಾಭವಿಲ್ಲ.

ಸರಿಯಾದ ದಾರಿ: ಪಿಸಿಯೇ ನೇರವಾಗಿ 15.625 ಕಿಲೊಹರ್ಟ್ಸ್ ಗೆರೆ ವೇಗದ ಇಂಟರ್ಲೇಸ್ ಚಿತ್ರ ಹೊರಡಿಸುವುದು. ಲಿನಕ್ಸಿನಲ್ಲಿ ಮೋಡ್‌ಲೈನ್ (ಚಿತ್ರದ ಅಳತೆ, ವೇಗಗಳನ್ನು ಅಂಕಿಗಳಲ್ಲಿ ಹೇಳುವ ಸಾಲು) ಬರೆಯಬೇಕು. ಪಾಲ್‌ಗೆ ಪಿಕ್ಸೆಲ್ ಗಡಿಯಾರ 13.5 ಮೆಗಾಹರ್ಟ್ಸ್; ಅಡ್ಡ ಅಂಕಿಗಳು 720, 732, 795, 864; ಲಂಬ ಅಂಕಿಗಳು 576, 580, 586, 625; ಇಂಟರ್ಲೇಸ್; ಎರಡೂ ಸಿಂಕ್ ಋಣ. 13.5 ಮೆಗಾಹರ್ಟ್ಸನ್ನು 864ರಿಂದ ಭಾಗಿಸಿದರೆ 15,625. ಅದನ್ನು 625ರಿಂದ ಭಾಗಿಸಿದರೆ 25 ಪೂರ್ಣ ಚಿತ್ರ, ಅಂದರೆ 50 ಸರದಿ. ಎನ್‌ಟಿಎಸ್‌ಸಿಗೆ ಅಡ್ಡ 720, 739, 801, 858. ಲಂಬ 480, 488, 494, 525.

ಎಚ್‌ಡಿಎಂಐಗೆ 25 ಮೆಗಾಹರ್ಟ್ಸ್‌ಗಿಂತ ಕೆಳಗಿನ ಗಡಿಯಾರ ನಡೆಯುವುದಿಲ್ಲ. ಅಲ್ಲಿ ಅಡ್ಡ ಅಂಕಿಗಳನ್ನೆಲ್ಲ ಎರಡು ಪಟ್ಟು ಮಾಡಿ: 1440, 1464, 1590, 1728, ಗಡಿಯಾರ 27. ಟಿವಿಗೆ ಒಂದು ಗೆರೆಯಲ್ಲಿ ಎಷ್ಟು ಪಿಕ್ಸೆಲ್ ಎಂಬ ಲೆಕ್ಕವಿಲ್ಲ, ಗೆರೆ ಎಷ್ಟು ಹೊತ್ತು ಎನ್ನುವುದು ಮಾತ್ರ ಮುಖ್ಯ. ಇದನ್ನು ಎಚ್‌ಡಿಎಂಐಯಿಂದ ವಿಜಿಎ ಮಾಡುವ ಸಣ್ಣ ಡಾಂಗಲ್‌ಗೆ ಕೊಟ್ಟರೆ ಆರ್‌ಜಿಬಿ ಹೊರಬರುತ್ತದೆ. ಅದು ಅಳತೆ ಬದಲಿಸುವುದಿಲ್ಲ, ಅನಲಾಗ್ ಮಾಡುತ್ತದೆ ಅಷ್ಟೇ. ಗ್ರಾಫಿಕ್ಸ್ ಚಿಪ್ ಇಂಟರ್ಲೇಸ್ ಒಪ್ಪದಿದ್ದರೆ ಈ ದಾರಿ ಇಲ್ಲಿಗೇ ಮುಗಿಯಿತು. ತಂತಿ ಬೆಸೆಯುವ ಮೊದಲೇ ಇದನ್ನು ಪರೀಕ್ಷಿಸಿ.

ತಂತಿಗಳು: ವಿಜಿಎಯ 1, 2, 3 (ಕೆಂಪು, ಹಸಿರು, ನೀಲಿ) ಸ್ಕಾರ್ಟಿನ 15, 11, 7ಕ್ಕೆ ನೇರ. ನೆಲದ ತಂತಿಗಳು ವಿಜಿಎಯ 6, 7, 8ರಿಂದ ಸ್ಕಾರ್ಟಿನ 13, 9, 5ಕ್ಕೆ. ಸಿಂಕ್ ನೆಲ 10ರಿಂದ 17ಕ್ಕೆ. ವಿಜಿಎಯಲ್ಲಿ ಸಿಂಕ್ ಎರಡು ತಂತಿ, 13 ಮತ್ತು 14. ಟಿವಿಗೆ ಒಂದೇ ಬೇಕು. 74ಎಚ್‌ಸಿ86 ಎಂಬ ಎಕ್ಸ್‌ಓಆರ್ (XOR) ಗೇಟುಗಳ ಚಿಪ್ಪಿನಲ್ಲಿ ಎರಡನ್ನೂ ಸೇರಿಸಿ, ಬಂದ ಸಿಂಕ್ ಋಣವಾಗಿಯೇ ಇರುವಂತೆ ನೋಡಿಕೊಳ್ಳಿ. ತಿರುಗುಮುರುಗಾಗಿದ್ದರೆ ಚಿಪ್ಪಿನ ಇನ್ನೊಂದು ಗೇಟಿನಲ್ಲಿ ತಿರುಗಿಸಿ. ಆಮೇಲೆ 470 ಓಮ್ ರೆಸಿಸ್ಟರ್ ಮೂಲಕ ಸ್ಕಾರ್ಟ್ 20ಕ್ಕೆ. 5 ವೋಲ್ಟ್ ಸಿಂಕ್ 75 ಓಮ್ ಭಾರಕ್ಕೆ 0.7 ವೋಲ್ಟಿನ ಹತ್ತಿರ ಇಳಿಯುತ್ತದೆ. ಆ ರೆಸಿಸ್ಟರ್ ಇಲ್ಲದೆ 5 ವೋಲ್ಟನ್ನು ನೇರವಾಗಿ ಕೊಡಬೇಡಿ.

ಪಿನ್ 16ಕ್ಕೆ 1ರಿಂದ 3 ವೋಲ್ಟ್ ಸಿಗದಿದ್ದರೆ ಟಿವಿ ಆರ್‌ಜಿಬಿಯನ್ನು ನೋಡುವುದೇ ಇಲ್ಲ. ಯುಎಸ್‌ಬಿಯ 5 ವೋಲ್ಟಿಂದ 180 ಓಮ್ ಮೂಲಕ ಕೊಟ್ಟರೆ ಸುಮಾರು 1.5 ಬರುತ್ತದೆ. ಪಿನ್ 8 ಮುಟ್ಟಬೇಡಿ: ಅಲ್ಲಿ 5ರಿಂದ 8 ವೋಲ್ಟ್ ಎಂದರೆ 16:9 ಎಂದು, 9.5ರಿಂದ 12 ಎಂದರೆ 4:3 ಎಂದು ಅರ್ಥ. ಯುಎಸ್‌ಬಿಯ 5 ವೋಲ್ಟ್ ಗಡಿಯಲ್ಲೇ ನಿಂತು ಗೊಂದಲ ಮಾಡುತ್ತದೆ. ಇನ್‌ಪುಟ್ ರಿಮೋಟಿನಲ್ಲೇ ಬದಲಿಸಿಕೊಳ್ಳಿ.

ಗೆರೆ625

ಒಂದು ಎಚ್ಚರಿಕೆ ಸೇರಿಸುತ್ತೇನೆ. ಪಿಸಿ ಬೂಟ್ ಆಗುವಾಗ ವಿಜಿಎ ಕಡೆ ಹೊರಡುವುದು 31 ಕಿಲೊಹರ್ಟ್ಸ್, ಟಿವಿಯ ವೇಗದ ಎರಡರಷ್ಟು. ಬಹಳಷ್ಟು ಟಿವಿಗಳು ಅದನ್ನು ಹಿಡಿಯಲಾಗದೆ ಚಿತ್ರ ಹರಿದು ತೋರಿಸುತ್ತವೆ ಅಷ್ಟೇ. ಆದರೆ ರಕ್ಷಣೆ ಇಲ್ಲದ ಹಳೆಯ ಸೆಟ್ಟಿನಲ್ಲಿ ಅಡ್ಡ ಚಲನೆಯ ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ ಭಾರ ಬಿದ್ದು ಸುಡಬಹುದು. ಪಿಸಿ ಪೂರ್ತಿ ಎದ್ದು ಕೋಡಿ ಬರುವವರೆಗೆ ಟಿವಿಯನ್ನು ಆಫ್ ಮಾಡಿಡಿ. ಮೋಡ್‌ಲೈನ್ ಪರೀಕ್ಷಿಸುವಾಗ ಒಂದು ಅಂಕಿ ತಪ್ಪಾದರೂ ಇದೇ ಅಪಾಯ. ಮೊದಲು ಭಾಗಾಕಾರ ಮಾಡಿ 15.6 ಬರುತ್ತದೆಯೇ ನೋಡಿ, ಆಮೇಲೆ ಜೋಡಿಸಿ. ಟಿವಿಯಿಂದ ಎಂದೂ ಕೇಳದ ಕೀರಲು ಸದ್ದು ಬಂದರೆ ತಕ್ಷಣ ಆಫ್ ಮಾಡಿ.

ಸಿನಿಮಾ ನೋಡಲು ಮಾತ್ರ ಎನ್ನುವವರಿಗೆ ಎಸ್-ವಿಡಿಯೊ ಸಾಕು ಎಂಬುದು ನನ್ನ ಮಾತು. ಪರದೆ ತುಂಬ ಅಕ್ಷರ ಓದುವವರಿಗೆ, ಹಳೆಯ ಆಟ ಆಡುವವರಿಗೆ ಆರ್‌ಜಿಬಿಯ ಶ್ರಮಕ್ಕೆ ಬೆಲೆ ಇದೆ.

ಮರಗೂಡು

ಟಿವಿಯಲ್ಲಿ ಕೆಂಪು-ಹಸಿರು-ನೀಲಿ ಮೂರು ಆರ್‌ಸಿಎ ಇದ್ದರೆ ವಿಜಿಎಯನ್ನು ಅದಕ್ಕೇ ಕೊಡಬಹುದಲ್ಲ?

ಸಿಂಕ್‌ಸರಿ

ಇಲ್ಲ. ಅದು ಕಾಂಪೊನೆಂಟ್, ಬಣ್ಣ ಹಚ್ಚಿರುವುದು ಮಾತ್ರ ಕೆಂಪು, ಹಸಿರು, ನೀಲಿ. ಹಸಿರಲ್ಲಿ ಬೆಳಕು ಮತ್ತು ಸಿಂಕ್, ಉಳಿದೆರಡರಲ್ಲಿ ಬಣ್ಣದ ವ್ಯತ್ಯಾಸ. ಆರ್‌ಜಿಬಿ ಕೊಟ್ಟರೆ ಸಿಂಕ್ ಸಿಗದೆ ಚಿತ್ರವೇ ನಿಲ್ಲುವುದಿಲ್ಲ. ನಿಂತರೂ ಬಣ್ಣ ಹಸಿರು-ನೇರಳೆ. ಎಚ್‌ಡಿಎಂಐಯಿಂದ ಕಾಂಪೊನೆಂಟ್ ಮಾಡುವ ಪೆಟ್ಟಿಗೆ ಬೇರೆ ಇದೆ. ಅವುಗಳಲ್ಲಿ ಅಳತೆ ಬದಲಿಸದವು ಹೆಚ್ಚು, 1080ಪಿ ಕೊಟ್ಟರೆ 1080ಪಿಯನ್ನೇ ಹೊರಬಿಡುತ್ತವೆ. ಹಳೆಯ ಟಿವಿಗೆ ಪಿಸಿಯೇ 576ಐ ಅಥವಾ 480ಐ (ಐ ಎಂದರೆ ಇಂಟರ್ಲೇಸ್) ಕೊಡಬೇಕು.

ಚೌಕಪರದೆ

ಎಸ್-ವಿಡಿಯೊ ಪೆಟ್ಟಿಗೆಗೆ ಬದಲಿಸಿದ ಮೇಲೆ ಅಕ್ಷರ ಓದುವ ಹಾಗಾಯಿತು. ಕತ್ತಲೆಯ ದೃಶ್ಯಗಳಲ್ಲಿ ಮಾತ್ರ ಕಪ್ಪು ಬೂದಿಯಂತೆ ಕಾಣುತ್ತದೆ. ಆಂಟೆನಾ ಕೇಬಲ್ ಹಾಕಿದ ಕೂಡಲೇ ನಸುಗಪ್ಪು ಅಡ್ಡಪಟ್ಟಿಯೊಂದು ನಿಧಾನವಾಗಿ ಮೇಲೇರುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಹಳದಿಪಿನ್

ಬೂದಿ ಕಪ್ಪಿಗೆ ಕಾರಣ ಬಣ್ಣದ ವ್ಯಾಪ್ತಿ. 720ಪಿ, 576ಪಿಯಂಥ ವಿಡಿಯೊ ಮೋಡ್‌ಗಳಲ್ಲಿ ಕಪ್ಪು 16, ಬಿಳಿ 235. 800×600ರಂಥ ಕಂಪ್ಯೂಟರ್ ಮೋಡ್‌ಗಳಲ್ಲಿ 0ಯಿಂದ 255. ಪಿಸಿ ಒಂದು ಕಳಿಸಿ, ಪೆಟ್ಟಿಗೆ ಇನ್ನೊಂದೆಂದು ತಿಳಿದರೆ ಕಪ್ಪು ಬೂದಿಯಾಗುತ್ತದೆ, ಇಲ್ಲವೇ ನೆರಳಿನ ವಿವರ ಪೂರ್ತಿ ಮುಳುಗುತ್ತದೆ. ಕೋಡಿಯ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಲಿಮಿಟೆಡ್ ರೇಂಜ್ ಆಯ್ಕೆ ಇದೆ, ಗ್ರಾಫಿಕ್ಸ್ ಡ್ರೈವರಿನಲ್ಲೂ ಒಂದಿದೆ. ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿ. ಟಿವಿಯ ಬ್ರೈಟ್‌ನೆಸ್ ಮುಟ್ಟುವುದು ಇದಾದ ಮೇಲೆ.

ಗುಂಯ್ ಸದ್ದು ಮತ್ತು ಅಡ್ಡಪಟ್ಟಿ ಗ್ರೌಂಡ್ ಲೂಪ್. ಪಿಸಿಗೆ ಅರ್ಥ್ ಇದೆ, ಆಂಟೆನಾ ಕೇಬಲ್ಲಿಗೂ ಬೇರೆಲ್ಲೋ ಅರ್ಥ್ ಇದೆ, ಎರಡರ ನಡುವೆ ಕೇಬಲ್ ಹೊರಕವಚದಲ್ಲಿ ಕರೆಂಟ್ ಹರಿಯುತ್ತದೆ. ಆಂಟೆನಾ ಸಾಲಿಗೆ ಗ್ಯಾಲ್ವನಿಕ್ ಐಸೊಲೇಟರ್ (ಸಿಗ್ನಲ್ ಬಿಟ್ಟು ಅರ್ಥ್ ಸಂಪರ್ಕ ಕಡಿಯುವ ಸಾಧನ) ಹಾಕಿ. ಶಬ್ದ ಪಿಸಿಯಿಂದ ನೇರ ಹೋಗುತ್ತಿದ್ದರೆ ಆ ದಾರಿಗೆ 1:1 ಆಡಿಯೊ ಟ್ರಾನ್ಸ್‌ಫಾರ್ಮರ್. ಪಿಸಿಯ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವುದು ಯಾವ ಕಾರಣಕ್ಕೂ ಬೇಡ. ಸದ್ದು ನಿಲ್ಲುತ್ತದೆ, ಜೊತೆಗೆ ಜೀವ ಉಳಿಸುವ ತಂತಿಯೂ ಹೋಗುತ್ತದೆ.

ಒತ್ತಕ್ಷರ

ಟಿವಿಯಲ್ಲಿ ಶಬ್ದಕ್ಕೆ ಬಿಳಿ ಸಾಕೆಟ್ ಒಂದೇ ಇದ್ದರೆ ಎಡ-ಬಲ ಎರಡನ್ನೂ ಒಂದಕ್ಕೆ ತಿರುಚಿ ಹಾಕಬಹುದೇ?

ಸಿಂಕ್‌ಸರಿ

ನೇರ ತಿರುಚಬೇಡಿ. ಎರಡು ಔಟ್‌ಪುಟ್ ಒಂದನ್ನೊಂದು ತಳ್ಳಾಡುತ್ತವೆ, ಸದ್ದು ಒಡೆಯುತ್ತದೆ. ಎಡಕ್ಕೊಂದು, ಬಲಕ್ಕೊಂದು 1 ಕಿಲೊಓಮ್ ರೆಸಿಸ್ಟರ್ ಹಾಕಿ, ಅವುಗಳ ಇನ್ನೊಂದು ತುದಿ ಸೇರಿಸಿ ಬಿಳಿ ಸಾಕೆಟ್ಟಿಗೆ ಕೊಡಿ. ಶಬ್ದ ಪೆಟ್ಟಿಗೆಯ ಮೂಲಕ ಹೋಗದೆ ಪಿಸಿಯಿಂದ ನೇರ ಹೋದರೆ ತುಟಿಗಿಂತ ಮಾತು ಒಂದೆರಡು ಫ್ರೇಮ್ ಮುಂದೆ ಬರಬಹುದು. ಕೋಡಿಯಲ್ಲಿ ಆಡಿಯೊ ಆಫ್‌ಸೆಟ್ 25 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ತಡಮಾಡುತ್ತಾ ಹೋಗಿ.

ಮರಗೂಡು

ಎವಿ ಸಾಕೆಟ್ಟೇ ಇಲ್ಲದ, ಆಂಟೆನಾ ಸಾಕೆಟ್ ಮಾತ್ರ ಇರುವ ಮರದ ಕ್ಯಾಬಿನೆಟ್ಟಿನ ಟಿವಿಗೆ ಏನು ದಾರಿ? ಒಳಗಡೆ ವಿಡಿಯೊ ಹಂತಕ್ಕೆ ತಂತಿ ಬೆಸೆಯಬಹುದು ಎಂದು ಓದಿದೆ.

ಗೆರೆ625

ದಯವಿಟ್ಟು ಆ ಬೆಸುಗೆಗೆ ಹೋಗಬೇಡಿ. ಅಂಥ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲ. ಒಳಗಿನ ಲೋಹದ ಚಾಸಿ ನೇರವಾಗಿ ಮೇನ್ಸ್‌ಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಯೇ ಫೇಸ್ ಆಗಬಹುದು. ಅಲ್ಲಿಂದ ಒಂದು ತಂತಿ ಹೊರಗೆ ತಂದು ಪಿಸಿಗೆ ಸೇರಿಸಿದರೆ ಪಿಸಿಯ ಅರ್ಥ್ ಮೂಲಕ ಶಾರ್ಟ್. ಅರ್ಥ್ ಇಲ್ಲದಿದ್ದರೆ ಪಿಸಿಯ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್. ಟ್ಯೂಬಿನ ಮೇಲಿರುವ ಸಾವಿರಾರು ವೋಲ್ಟ್ ಬೇರೆ, ಅದು ಟಿವಿ ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಆಂಟೆನಾ ಸಾಕೆಟ್ ಮಾತ್ರ ಕಾರ್ಖಾನೆಯಲ್ಲೇ ಕೆಪಾಸಿಟರ್ ಇಟ್ಟು ಬೇರ್ಪಡಿಸಿದ್ದು. ಆ ಬಾಗಿಲಿನಿಂದಲೇ ಹೋಗಬೇಕು.

ಎಚ್‌ಡಿಎಂಐ-ಎವಿ ಪೆಟ್ಟಿಗೆ, ಅದರ ಮುಂದೆ ಆರ್‌ಎಫ್ ಮಾಡ್ಯುಲೇಟರ್ (ಎವಿ ಸಿಗ್ನಲ್ಲನ್ನು ಟಿವಿ ಚಾನೆಲ್ಲಾಗಿ ಮಾಡುವ ಪೆಟ್ಟಿಗೆ), ಅದರಿಂದ ಆಂಟೆನಾ ಸಾಕೆಟ್ಟಿಗೆ 75 ಓಮ್ ಕೋಆಕ್ಸ್. ಟಿವಿಯಲ್ಲಿ 300 ಓಮ್‌ನ ಎರಡು ಸ್ಕ್ರೂ ಮಾತ್ರ ಇದ್ದರೆ ನಡುವೆ 75-300 ಬಾಲನ್ (ಎರಡನ್ನೂ ಹೊಂದಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್). ಟಿವಿಗೆ ಯುಎಚ್‌ಎಫ್ ಸಿಗುತ್ತದೆಯೋ, ವಿಎಚ್‌ಎಫ್ ಮಾತ್ರವೋ ನೋಡಿಕೊಂಡು ಮಾಡ್ಯುಲೇಟರ್ ಆರಿಸಿ. ವಿಎಚ್‌ಎಫ್ ಮಾತ್ರದ ಸೆಟ್ಟಿಗೆ 36ನೇ ಚಾನೆಲ್ಲಿನ ಮಾಡ್ಯುಲೇಟರ್ ತಂದರೆ ಪ್ರಯೋಜನವಿಲ್ಲ. ಚಿತ್ರ ಬಂದು ಶಬ್ದದ ಬದಲು ಶ್ ಎನ್ನುತ್ತಿದ್ದರೆ ಚಿತ್ರಕ್ಕೂ ಶಬ್ದಕ್ಕೂ ಇರುವ ಅಂತರ ಹೊಂದಿಲ್ಲ. ಪಾಲ್‌ನ ಬಿ/ಜಿ (B/G) ಪ್ರಸಾರ ಪದ್ಧತಿಗೆ 5.5 ಮೆಗಾಹರ್ಟ್ಸ್, ಐ (I) ಪದ್ಧತಿಗೆ 6.0, ಡಿ/ಕೆ (D/K) ಪದ್ಧತಿಗೆ 6.5, ಎನ್‌ಟಿಎಸ್‌ಸಿಗೆ 4.5. ಒಳ್ಳೆಯ ಮಾಡ್ಯುಲೇಟರುಗಳಲ್ಲಿ ಅದನ್ನು ಬದಲಿಸುವ ಮೆನು ಇರುತ್ತದೆ. ಕೆಲಸ ಮಾಡುವ ವಿಸಿಆರ್ ಇದ್ದರೆ ಅದರ ಎವಿ ಇನ್‌ಪುಟ್ಟಿಗೆ ಕೊಟ್ಟು ಆರ್‌ಎಫ್ ಔಟಿನಿಂದ ತೆಗೆದುಕೊಳ್ಳಬಹುದು, ಅದರೊಳಗೂ ಇರುವುದು ಇದೇ ಮಾಡ್ಯುಲೇಟರ್.

ಮರಗೂಡು

ಪಿಸಿಯ ಬದಲು ರಾಸ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಇಟ್ಟುಕೊಂಡರೆ ಎಚ್‌ಡಿಎಂಐ-ಎವಿ ಪೆಟ್ಟಿಗೆ ಇಲ್ಲದೆ ನಡೆಯುತ್ತದೆಯೇ?

ಹಳದಿಪಿನ್

ನಡೆಯುತ್ತದೆ. ಬಿ ಪ್ಲಸ್‌ನಿಂದ 4ರವರೆಗಿನ ಪೂರ್ಣ ಅಳತೆಯ ಬೋರ್ಡುಗಳಲ್ಲಿ 3.5 ಮಿಲಿಮೀಟರ್ ಜಾಕಿನಲ್ಲೇ ಕಾಂಪೊಸಿಟ್ ಇದೆ. 5ರಲ್ಲಿ ಆ ಜಾಕ್ ಇಲ್ಲ. ಕೇಬಲ್ ಕೊಳ್ಳುವಾಗ ಪಟ್ಟಿಗಳ ಕ್ರಮ ನೋಡಿ: ತುದಿ ಎಡ ಶಬ್ದ, ಮೊದಲ ಪಟ್ಟಿ ಬಲ ಶಬ್ದ, ಎರಡನೆಯ ಪಟ್ಟಿ ನೆಲ, ಬುಡ ವಿಡಿಯೊ. ಹಳೆಯ ಕ್ಯಾಮ್‌ಕಾರ್ಡರ್ ಕೇಬಲ್‌ಗಳು ನೋಡಲು ಹೀಗೇ ಇದ್ದರೂ ಕೆಲವದರಲ್ಲಿ ನೆಲ, ವಿಡಿಯೊ ಅದಲುಬದಲು. ಮಲ್ಟಿಮೀಟರಿನಲ್ಲಿ ಹಳದಿ ಪಿನ್ನಿನ ನಡುವಿನ ಕಡ್ಡಿಗೂ ಜಾಕಿನ ಬುಡಕ್ಕೂ ಬೀಪ್ ಬರಬೇಕು. 4ರಲ್ಲಿ ಕಾಂಪೊಸಿಟ್ ತಾನಾಗಿ ಆನ್ ಇರುವುದಿಲ್ಲ, ಕಾನ್ಫಿಗ್ ಫೈಲಿನಲ್ಲಿ ಟಿವಿ-ಔಟ್ ಆನ್ ಮಾಡಬೇಕು. ಹಳೆಯ ಫರ್ಮ್‌ವೇರ್ ಡ್ರೈವರಿನಲ್ಲಿ ಎಸ್‌ಡಿಟಿವಿ ಮೋಡ್ 2 ಪಾಲ್, 0 ಎನ್‌ಟಿಎಸ್‌ಸಿ. ಆಸ್ಪೆಕ್ಟ್ 1 ಎಂದರೆ 4:3, 3 ಎಂದರೆ 16:9.